ಎಂಟು ಕೋರ್ ಇದ್ದರೂ ಒಂದೇ ಏಕೆ ದುಡಿಯುತ್ತದೆ?

ಪ್ರಶ್ನೆ: ನಮ್ಮ ಸಂಘದ ಹಳೆಯ ಜಮಾಖರ್ಚೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ವರ್ಷವಾರು ಮೊತ್ತ ಕೇಳಿದರೆ ಬಹಳ ಹೊತ್ತು ಹಿಡಿಯುತ್ತದೆ. ಸರ್ವರಿನಲ್ಲಿ ಎಂಟು ಕೋರ್ ಇದ್ದರೂ ಓಡುವುದು ಒಂದೇ. ಕ್ವೆರಿಯನ್ನು ಹಿನ್ನೆಲೆಯಲ್ಲಿ ಓಡಿಸಿದರೆ ವೇಗ ಹೆಚ್ಚೀತೇ?
– ಓದುಗರೊಬ್ಬರು, ಎರ್ಮಾಳ್

ಉತ್ತರ: ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕ್ವೆರಿಯನ್ನು ಹಿನ್ನೆಲೆಗೆ ತಳ್ಳಿದರೆ ನೀವು ಪರದೆಯ ಮುಂದೆ ಕಾಯುವುದು ತಪ್ಪುತ್ತದೆ, ಅಷ್ಟೇ. ಕೆಲಸ ಮಾಡುವುದು ಆಗಲೂ ಒಂದೇ ಪ್ರೊಸೆಸ್. ನಿಮಗೆ ಬೇಕಾದದ್ದು ಪ್ಯಾರಲಲ್ ಕ್ವೆರಿ. ಅಲ್ಲಿ ಒಂದೇ ಕ್ವೆರಿಗೆ ಹಲವು ಹಿನ್ನೆಲೆ ವರ್ಕರ್‌ಗಳು ಕೈಜೋಡಿಸುತ್ತವೆ. ಪೋಸ್ಟ್‌ಗ್ರೆಸ್‌ಗೆ ಈ ಸೌಲಭ್ಯ ಬಂದದ್ದು 2016ರ 9.6 ಆವೃತ್ತಿಯಲ್ಲಿ; ಅದನ್ನು ಕಟ್ಟಿದವರಲ್ಲಿ ರಾಬರ್ಟ್ ಹಾಸ್ ಜೊತೆಗೆ ಭಾರತದವರೇ ಆದ ಅಮಿತ್ ಕಪಿಲ ಕೂಡ ಇದ್ದಾರೆ.

ಜಾತ್ರೆ ಮುಗಿದ ಮೇಲೆ ಹುಂಡಿ ಎಣಿಸುವುದನ್ನು ನೀವು ನೋಡಿರಬಹುದು. ನಾಲ್ಕೈದು ಮಂದಿ ಕೂತು ಎಣಿಸುತ್ತಾರೆ, ಒಬ್ಬರು ಒಟ್ಟು ಹಾಕುತ್ತಾರೆ. ಇಲ್ಲಿಯೂ ಹಾಗೆಯೇ. ಟೇಬಲ್ಲನ್ನು ಮೊದಲೇ ಸಮಪಾಲು ಮಾಡಿಡುವುದಿಲ್ಲ. ಕೈ ಖಾಲಿಯಾದ ವರ್ಕರ್ ಮುಂದಿನ ಬ್ಲಾಕುಗಳನ್ನು ಎತ್ತಿಕೊಳ್ಳುತ್ತದೆ. ಎಲ್ಲರ ಬಿಡಿ ಮೊತ್ತಗಳನ್ನು ಕೊನೆಗೆ ಲೀಡರ್ ಎಂಬ ಮುಖ್ಯ ಪ್ರೊಸೆಸ್ ಕೂಡಿಸುತ್ತದೆ. ಲೀಡರ್ ಕೂಡ ಬರಿದೇ ಕೂರುವುದಿಲ್ಲ, ಬಿಡುವಾದಾಗ ತಾನೂ ಎಣಿಸುತ್ತದೆ.

ಹಾಗಾದರೆ ನಿಮ್ಮಲ್ಲಿ ಏಕೆ ಆಗುತ್ತಿಲ್ಲ? ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಸ್' ಸೇರಿಸಿ ಓಡಿಸಿ. 'ಗ್ಯಾದರ್' ಎಂಬ ಸಾಲಿದ್ದು, 'ವರ್ಕರ್ಸ್ ಪ್ಲಾನ್ಡ್: 2, ವರ್ಕರ್ಸ್ ಲಾಂಚ್ಡ್: 0' ಎಂದು ಕಂಡರೆ ಆ ಹೊತ್ತಿಗೆ ವರ್ಕರ್‌ಗಳು ಬೇರೆಡೆ ತೊಡಗಿದ್ದವು ಎಂದರ್ಥ. ಆ ಸಾಲೇ ಇಲ್ಲದಿದ್ದರೆ ಆವೃತ್ತಿ ನೋಡಿ. 9.6ರಲ್ಲಿ ಒಂದು ಗ್ಯಾದರ್‌ಗೆ ಎಷ್ಟು ವರ್ಕರ್ ಎಂಬ ಮಿತಿ ಮೂಲತಃ ಸೊನ್ನೆ. 10ರಿಂದ ಅದು 2. ಟೇಬಲ್ 8 ಎಂಬಿಯಷ್ಟಿದ್ದರೆ ಒಂದು, 24ಕ್ಕೆ ಎರಡು, 72ಕ್ಕೆ ಮೂರು ಎಂದು ವರ್ಕರ್‌ಗಳ ಲೆಕ್ಕ ಏರುತ್ತದೆ, ಆದರೆ ಆ ಮಿತಿ ದಾಟುವುದಿಲ್ಲ. ನೀವು ಅದನ್ನು 4ಕ್ಕೆ ಏರಿಸಿ ನೋಡಬಹುದು.

ನನಗೆ ಹೆಚ್ಚು ಅನುಮಾನ ಬೇರೊಂದರ ಮೇಲೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷ ಲೆಕ್ಕ ಹಾಕಲು ನೀವೇ ಬರೆದ ಫಂಕ್ಷನ್ ಇದೆಯೇ? ನಾವು ಬರೆದ ಫಂಕ್ಷನ್‌ಗಳನ್ನು ಪೋಸ್ಟ್‌ಗ್ರೆಸ್ 'ಪ್ಯಾರಲಲ್ ಅನ್‌ಸೇಫ್' ಎಂದೇ ಭಾವಿಸುತ್ತದೆ, ಅಂಥ ಒಂದೇ ಒಂದು ಇದ್ದರೂ ಇಡೀ ಕ್ವೆರಿ ಒಂಟಿಯಾಗಿ ಓಡುತ್ತದೆ. ಫಂಕ್ಷನ್ ಬರೀ ದಿನಾಂಕ ನೋಡಿ ವರ್ಷ ಹೇಳುವಂಥದ್ದಾದರೆ ಅದನ್ನು 'ಪ್ಯಾರಲಲ್ ಸೇಫ್' ಎಂದು ಧೈರ್ಯವಾಗಿ ಗುರುತಿಸಿ. ಯಾವುದಾದರೂ ಟೇಬಲಿಗೆ ಬರೆಯುವಂಥದ್ದಾದರೆ ಮುಟ್ಟಬೇಡಿ.

ನಾಲ್ಕು ವರ್ಕರ್ ಬಂದರೆ ವೇಗ ನಾಲ್ಕು ಪಟ್ಟಾಗುತ್ತದೆ ಎಂದು ಮಾತ್ರ ಎಣಿಸಬೇಡಿ. ಪ್ರತಿ ವರ್ಕರ್ ತನ್ನದೇ ಮೆಮೊರಿ ಕೇಳುತ್ತದೆ, ಡಿಸ್ಕ್ ನಿಧಾನವಾಗಿದ್ದರೆ ಎಲ್ಲವೂ ಅದರ ಮುಂದೆಯೇ ಕಾಯುತ್ತವೆ. ಇನ್ನು ಒಬ್ಬ ಸದಸ್ಯರ ಒಂದು ಖಾತೆ ಹುಡುಕುವುದಕ್ಕೆ ಇದೆಲ್ಲ ಬೇಡ, ಸರಿಯಾದ ಇಂಡೆಕ್ಸ್ ಸಾಕು.