ಚೇಳಿಗೊಂದು ಗಾಜಿನ ಮನೆ

ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗರಪಂಚಮಿಯಂದು ಜನ ಕಲ್ಲೆತ್ತಿ ಚೇಳು ಹಿಡಿಯುತ್ತಾರೆ. ಅಂಗೈ ಮೇಲೆ, ಕೆಲವರು ನಾಲಿಗೆಯ ಮೇಲೂ ಬಿಟ್ಟುಕೊಳ್ಳುತ್ತಾರೆ. ಚೇಳು ಸಾಕುವ ಹುಮ್ಮಸ್ಸಿನವರು ಈ ಆಚರಣೆಯ ವಿಡಿಯೊಗಳನ್ನು ಮರೆತರೇ ಒಳ್ಳೆಯದು. ಸಾಕಿದ ಚೇಳು ನೋಡುವುದಕ್ಕೆ, ಮುಟ್ಟುವುದಕ್ಕಲ್ಲ.

ಮೊದಲು ಯಾವ ಚೇಳು ಎಂಬುದು ತೀರ್ಮಾನವಾಗಲಿ. ಇಕ್ಕುಳ ದಪ್ಪ, ಬಾಲ ಸಣ್ಣ ಇರುವ ದೊಡ್ಡ ಕರಿಚೇಳು ಕುಟುಕಿದರೆ ಸಾಮಾನ್ಯವಾಗಿ ನೋವು, ಬಾವಿನಲ್ಲಿ ಮುಗಿಯುತ್ತದೆ. ಇಕ್ಕುಳ ಸಪೂರ, ಬಾಲ ದಪ್ಪ ಇರುವ ಕೆಂಪು ಚೇಳಿನ ವಿಷ ಹೃದಯವನ್ನೇ ಹಿಡಿಯುತ್ತದೆ. ಮಕ್ಕಳ ಜೀವಕ್ಕೂ ಕುತ್ತು. ಒಣಸೀಮೆಯ ಕಲ್ಲುಗಳಡಿ ಬದುಕುವ ಇದು ಮನೆಯೊಳಗೆ ಬರಲೇಬಾರದು.

ಕಾಡಿಗೆ ಹೋಗಿ ಹಿಡಿದು ತರುವ ಯೋಚನೆಯೂ ಬೇಡ. ಯಳಂದೂರಿನ ಬಿಳಿಗಿರಿರಂಗನಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಹನೂರಿನ ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ. ಅಲ್ಲಿಂದ ಜೀವಿಗಳನ್ನು ಹೊತ್ತು ತಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೆನ್ನು ಹತ್ತುತ್ತದೆ. ಅಂಗಡಿಯವರು ತೋರಿಸುವ ಆಫ್ರಿಕಾದ ‘ಎಂಪರರ್’ ಚೇಳು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿದೆ. ಅದನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ದಾಖಲೆ ಕೇಳದೆ ದುಡ್ಡು ಕೊಡಬೇಡಿ.

ಒಂದು ಚೇಳಿಗೆ 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಮೀನಿನ ತೊಟ್ಟಿ ಸಾಕು. ಜೊತೆಗಿರಲೆಂದು ಇನ್ನೊಂದನ್ನು ಬಿಟ್ಟರೆ ಒಂದು ಇನ್ನೊಂದಕ್ಕೆ ಊಟವಾಗಬಹುದು. ನುಣುಪು ಗಾಜು ಚೇಳಿಗೆ ಹತ್ತಲಾಗದು, ಆದರೆ ಮೂಲೆಗಳ ಸಿಲಿಕೋನ್ ಅಂಟನ್ನು ಹಿಡಿದು ಮೇಲೇರುತ್ತದೆ! ಹಾಗಾಗಿ ಕ್ಲಿಪ್ಪು ಬಿಗಿಯುವ, ಸಣ್ಣ ಕಣ್ಣಿನ ಜಾಲರಿ ಮುಚ್ಚಳ ಬೇಕೇ ಬೇಕು.

ತಳಕ್ಕೆ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ, ಕೀಟನಾಶಕ ಸೋಕದ ಮಣ್ಣನ್ನು ಬೆರೆಸಿ 10ರಿಂದ 15 ಸೆಂ.ಮೀ. ಹರಡಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು. ಮಂಗಳೂರು ಹೆಂಚಿನ ತುಂಡೊಂದನ್ನು ಓರೆಯಾಗಿ ಅರ್ಧ ಹೂತಿಟ್ಟರೆ ಅದರಡಿ ಚೇಳೇ ಬಿಲ ತೋಡಿಕೊಳ್ಳುತ್ತದೆ. ಒಂದು ಮೂಲೆಯಲ್ಲಿ ಬೆಣಚುಕಲ್ಲು ಹಾಕಿದ ತೆಳು ನೀರಿನ ತಟ್ಟೆ.

ಚಳಿದೇಶದ ಕೈಪಿಡಿಗಳು ಹೇಳುವ ಬಿಸಿ ಹಾಸು ನಮ್ಮ ಕೊಳ್ಳೇಗಾಲದಲ್ಲಿ ದಂಡ. ಇಲ್ಲಿ ಕಾಡುವುದು ಏಪ್ರಿಲ್ ಬಿಸಿಲು. ಶೀಟಿನ ಮನೆಯಾದರೆ ತೊಟ್ಟಿಯನ್ನು ಕಿಟಕಿಯಿಂದ ದೂರ, ತಂಪಾದ ನೆಲಮಟ್ಟದಲ್ಲಿಡಿ. ಒಂದು ಬದಿಯ ಮಣ್ಣಿಗಷ್ಟೇ ಆಗಾಗ ನೀರು ಚಿಮುಕಿಸಿ.

ಊಟ ವಾರಕ್ಕೊಮ್ಮೆ ಸಾಕು: ಜೀವಂತ ಮಿಡತೆ, ಜಿರಳೆ. ಔಷಧಿ ಹೊಡೆದ ಹೊಲ, ಮನೆಗಳಿಂದ ಹಿಡಿದದ್ದು ಬೇಡ. ರೇಷ್ಮೆ ಸೀಮೆಯಾದ್ದರಿಂದ ಆಗೊಮ್ಮೆ ಈಗೊಮ್ಮೆ ಆರೋಗ್ಯವಂತ ರೇಷ್ಮೆ ಹುಳುವನ್ನೂ ಕೊಡಬಹುದು. ತಿನ್ನದೆ ಉಳಿದದ್ದನ್ನು ಮರುದಿನವೇ ಉದ್ದನೆಯ ಚಿಮುಟದಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಬೂಷ್ಟು. ಚೇಳು ಮೇವು ಬಿಟ್ಟು ಮೂಲೆ ಸೇರಿದರೆ ಪೊರೆ ಬಿಡುವ ಕಾಲವಿರಬಹುದು. ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ರೇಷ್ಮೆ ಹುಳುವನ್ನು ರೈತರು ಹೇಗೆ ಮುಟ್ಟುವುದಿಲ್ಲವೋ ಹಾಗೆ ಇದನ್ನೂ ಬಿಟ್ಟುಬಿಡಬೇಕು. ಆಗ ಒಳಗೆ ಮಿಡತೆ ಉಳಿದಿದ್ದರೆ ಮೆತ್ತಗಿನ ಚೇಳನ್ನೇ ಅದು ಕಚ್ಚೀತು.

ಕುಟುಕಿದರೆ ಮಂತ್ರ, ಕಟ್ಟು, ಕೊಯ್ತ ಯಾವುದೂ ಬೇಡ, ನೇರ ಆಸ್ಪತ್ರೆಗೆ. ಕೆಂಪು ಚೇಳಿನ ವಿಷಕ್ಕೆ ಪ್ರಾಜೋಸಿನ್ ಮಾತ್ರೆ ಜೀವ ಉಳಿಸುತ್ತದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್.

ಇರುಳಲ್ಲಿ ನೇರಳಾತೀತ ಟಾರ್ಚು ಬಿಟ್ಟರೆ ಚೇಳಿನ ಮೈ ಹಸಿರು-ನೀಲಿಯಾಗಿ ಹೊಳೆಯುತ್ತದೆ. ಮುಚ್ಚಳ ತೆಗೆಯುವ ಮುನ್ನ ಅದು ಎಲ್ಲಿದೆಯೆಂದು ಪತ್ತೆಹಚ್ಚಲು ಇದಕ್ಕಿಂತ ಸುಲಭದ ದಾರಿಯಿಲ್ಲ. ನಿಮಿಷದೊಳಗೆ ಆರಿಸಿಬಿಡಿ, ಬೆಳಕು ಹೆಚ್ಚಾದರೆ ಚೇಳು ಬಿಲ ಸೇರುತ್ತದೆ.