ದೋಣಿಯ ಹ್ಯಾಂಡಲ್: ಬಿಗಿಯೋ, ಎಳೆತವೋ?



ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ಕಡಲಿಗೆ ಇಳಿಯುವುದು ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿಗಳು. ಮಳೆಗಾಲದ ಅಳಿವೆ ಬಾಗಿಲಿನಲ್ಲಿ ದೋಣಿಯ ಮುಂಭಾಗವನ್ನು ಅಲೆಗೆ ನೇರವಾಗಿ ಹಿಡಿಯಬೇಕು. ಅಡ್ಡ ತಿರುಗಿದರೆ ಮಗುಚಿತೆಂದೇ ಲೆಕ್ಕ. ಅಂಥ ಹೊತ್ತಿನಲ್ಲಿ ಎಂಜಿನ್‌ನ ಹ್ಯಾಂಡಲ್ ಕೈಯ ಮಾತು ಕೇಳದಿದ್ದರೆ ಏನಾಗುತ್ತದೆ ಎಂದು ನಿಮಗೆ ವಿವರಿಸಬೇಕಿಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲೇ ದೋಣಿ ಇದೆ. ಈ ಪಾಠ ಅವರಿಗಾಗಿ. ಉಳಿದವರಿಗೆ, ಪಿಯುಸಿಯ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡೂ ಒಂದೇ ಯಂತ್ರದಲ್ಲಿ ಕೂತಿರುವುದನ್ನು ನೋಡುವ ಅವಕಾಶ.

'ಹ್ಯಾಂಡಲ್ ಹಾರ್ಡ್ ಆಗಿದೆ' ಎಂಬ ಒಂದೇ ದೂರಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಒಂದು, ಎರಡೂ ಕಡೆಗೆ ಸಮನಾಗಿ ಬಿಗಿಯಾಗುವುದು. ಇದು ಘರ್ಷಣೆಯ ಸಮಸ್ಯೆ. ಇನ್ನೊಂದು, ಒಂದು ಕಡೆಗೆ ಹಗುರ, ಮತ್ತೊಂದು ಕಡೆಗೆ ಭಾರವಾಗುವುದು. ಇದು ಟಾರ್ಕ್‌ನ ಸಮಸ್ಯೆ. ಮೊದಲನೆಯದಕ್ಕೆ ಮಾಡುವ ಚಿಕಿತ್ಸೆ ಎರಡನೆಯದಕ್ಕೆ ತಾಗುವುದಿಲ್ಲ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಪರೀಕ್ಷೆ. ಎಂಜಿನ್ ನಿಲ್ಲಿಸಿ, ದಡದಲ್ಲೇ, ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ನಿಧಾನವಾಗಿ ತಿರುಗಿಸಿ. ಆಗಲೂ ಬಿಗಿ ಇದ್ದರೆ ಘರ್ಷಣೆ. ನಿಂತಾಗ ಸಲೀಸು, ಓಡುವಾಗ ಮಾತ್ರ ಒಂದು ಬದಿಗೆ ಎಳೆಯುತ್ತದೆ ಎಂದಾದರೆ ಟಾರ್ಕ್.

ಬಿಗಿಯ ಸಂಗತಿ ಮೊದಲು ನೋಡೋಣ. ಹಲವು ಎಂಜಿನ್‌ಗಳಲ್ಲಿ ಹ್ಯಾಂಡಲಿನ ಬಿಗಿಯನ್ನು ಹೆಚ್ಚು ಕಡಿಮೆ ಮಾಡಲು ಒಂದು ಸ್ಕ್ರೂ ಅಥವಾ ಲಿವರ್ ಇರುತ್ತದೆ. ಎಂಜಿನ್ ಒಂದು ಬದಿಗೆ ಎಳೆಯುತ್ತದೆ ಎಂದು ಇದನ್ನು ಬಿಗಿ ಮಾಡಿ ಬಿಡುವವರಿದ್ದಾರೆ. ಅದರಿಂದ ಎಳೆತ ಹೋಗುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೇ. ತುರ್ತಿನಲ್ಲಿ ತಿರುಗಿಸಲು ಹೋದಾಗ ಬಿಗಿಯೂ ಎಳೆತವೂ ಒಟ್ಟಿಗೆ ಎದುರಾಗುತ್ತವೆ. ಹಾಗಾಗಿ ಮೊದಲು ಅದನ್ನು ಸಡಿಲಿಸಿ ನೋಡಿ.

ಅದು ಸರಿಯಿದ್ದರೆ ಕಣ್ಣು ಹಾಯಿಸಬೇಕಾದದ್ದು ಎಂಜಿನ್ ತಿರುಗುವ ಕಂಬದ ಕಡೆಗೆ. ಅಲ್ಯೂಮಿನಿಯಮ್ ಕವಚದೊಳಗೆ ಉಕ್ಕಿನ ಕೊಳವೆ, ಸುತ್ತ ಉಪ್ಪುನೀರು. ದ್ವಿತೀಯ ಪಿಯುಸಿಯವರಿಗೆ ಇದು ಏನೆಂದು ಕೂಡಲೇ ಹೊಳೆಯಬೇಕು: ಎರಡು ಲೋಹ, ನಡುವೆ ವಿದ್ಯುದ್ವಿಭಾಜ್ಯ, ಅಂದರೆ ಒಂದು ವಿದ್ಯುತ್ ಕೋಶ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಮ್. ಸವೆದು ಉಂಟಾಗುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು; ಆ ಪುಡಿ, ಉಪ್ಪು ಮತ್ತು ಒಣಗಿ ಗಟ್ಟಿಯಾದ ಹಳೆ ಗ್ರೀಸ್ ಸೇರಿ ಸಂದನ್ನು ಕಚ್ಚಿ ಹಿಡಿಯುತ್ತವೆ.

ಇದಕ್ಕೆ ಮದ್ದು ತಾಳ್ಮೆ. ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಆಮೇಲೆ ಗ್ರೀಸ್ ನಿಪ್ಪಲ್‌ಗೆ ಗನ್ ಹಚ್ಚಿ, ನೀರಿಗೆ ಕರಗದ ಮರೈನ್ ಗ್ರೀಸನ್ನು ಸ್ವಲ್ಪ ಸ್ವಲ್ಪವಾಗಿ ತುಂಬುತ್ತಾ ಹ್ಯಾಂಡಲನ್ನು ಅತ್ತಿತ್ತ ತಿರುಗಿಸುತ್ತಿರಬೇಕು. ಮೊದಲು ಕಪ್ಪು ಗ್ರೀಸ್ ಹೊರಬರುತ್ತದೆ, ಹೊಸ ಗ್ರೀಸ್ ಕಾಣುವವರೆಗೆ ಬಿಡಬೇಡಿ. ಗ್ರೀಸ್ ಒಳಗೆ ಹೋಗುವುದೇ ಇಲ್ಲವಾದರೆ ನಿಪ್ಪಲ್ ಕಟ್ಟಿರಬಹುದು, ಬಿಚ್ಚಿ ಶುಚಿಮಾಡಿ. ಗ್ಯಾಸ್ ಬೆಂಕಿಯಲ್ಲಿ ಕಾಯಿಸುವುದು ಬೇಡ, ಒಳಗಿನ ಪ್ಲಾಸ್ಟಿಕ್ ಬುಷ್‌ಗಳು ಕರಗುತ್ತವೆ. ಸುತ್ತಿಗೆಯೂ ಬೇಡ.

ಸ್ಟಿಯರಿಂಗ್ ಚಕ್ರ ಮತ್ತು ಕೇಬಲ್ ಇರುವ ದೋಣಿಗಳಲ್ಲಿ ಇನ್ನೊಂದು ಹಂತ ಹೆಚ್ಚು. ಕೇಬಲ್ಲನ್ನು ಎಂಜಿನ್‌ಗೆ ಜೋಡಿಸುವ ಸರಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ಅದು ಸಲೀಸಾಗಿ ತಿರುಗಿ, ಚಕ್ರ ಮಾತ್ರ ಬಿಗಿ ಎಂದಾದರೆ ದೋಷ ಕೇಬಲ್ಲಿನಲ್ಲಿ ಅಥವಾ ಚಕ್ರದ ಬುಡದಲ್ಲಿ. ಕೇಬಲ್ಲಿನ ತುದಿಯ ಉಕ್ಕಿನ ದಂಡ ಹಾದುಹೋಗುವ ಟಿಲ್ಟ್ ಟ್ಯೂಬಿಗೆ ಗ್ರೀಸ್ ತುಂಬುವಾಗ ಒಂದು ಎಚ್ಚರಿಕೆ ಬೇಕು: ಆ ದಂಡ ಪೂರ್ತಿ ಒಳಗೆ ಎಳೆದುಕೊಂಡಿರಬೇಕು. ಹೊರಗೆ ಚಾಚಿದ್ದಾಗ ತುಂಬಿದರೆ ಒಳಗೆ ಸಿಕ್ಕಿಕೊಂಡ ಗ್ರೀಸ್‌ಗೆ ಹೋಗಲು ದಾರಿಯಿಲ್ಲ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಸ್ಟಿಯರಿಂಗ್ ಪೂರ್ತಿ ಲಾಕ್ ಆಗಬಹುದು. ಕೇಬಲ್ಲಿನ ಒಳಗೇ ತುಕ್ಕು ಹಿಡಿದಿದ್ದರೆ ರಿಪೇರಿ ಇಲ್ಲ, ಹೊಸದು ಹಾಕಬೇಕು. ಇಲ್ಲಿ ಉಳಿತಾಯ ಮಾಡಲು ಹೋಗಬಾರದೆಂದು ನನ್ನ ಅಭಿಪ್ರಾಯ.

ಈಗ ಎಳೆತ. ಸಾಮಾನ್ಯ ಪ್ರೊಪೆಲ್ಲರ್ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಅಂದರೆ ಬಲಬದಿಯ ಎಲೆ ಕೆಳಗಿಳಿಯುತ್ತದೆ, ಎಡಬದಿಯದು ಮೇಲೇರುತ್ತದೆ. ಎಂಜಿನ್‌ನ ಕೆಳಭಾಗ ದೋಣಿಯ ಕಡೆಗೆ ಒಳಕ್ಕೆ ಬಾಗಿ ಪ್ರೊಪೆಲ್ಲರಿನ ಅಕ್ಷ ನೀರಿನ ಹರಿವಿಗೆ ಓರೆಯಾಗಿದ್ದರೆ, ಕೆಳಗಿಳಿಯುವ ಎಲೆ ನೀರನ್ನು ಹೆಚ್ಚು ಕಚ್ಚುತ್ತದೆ. ಆಗ ನೂಕುಬಲದ ಕೇಂದ್ರ ನಡುವಿನಿಂದ ಬಲಕ್ಕೆ ಸರಿಯುತ್ತದೆ, ದೋಣಿ ಬಲಕ್ಕೆ ಎಳೆಯುತ್ತದೆ. ಕೆಳಭಾಗ ಅತಿಯಾಗಿ ಹಿಂದಕ್ಕೆ ಚಾಚಿದ್ದರೆ ಇದರ ವಿರುದ್ಧ.

ಲೆಕ್ಕ ಹಾಕಿ ನೋಡೋಣ. ನೂಕುಬಲ 800 ನ್ಯೂಟನ್, ಅದು ನಡುವಿನಿಂದ 1.5 ಸೆಂ.ಮೀ. ಸರಿದಿದೆ ಎಂದಿಟ್ಟುಕೊಳ್ಳಿ. ಟಾರ್ಕ್ 800 × 0.015 = 12 ನ್ಯೂಟನ್ ಮೀಟರ್. ತಿರುಗುವ ಕಂಬದಿಂದ ಹಿಡಿಕೆಗೆ 60 ಸೆಂ.ಮೀ. ದೂರವಾದರೆ ಕೈ ಕೊಡಬೇಕಾದ ಬಲ 12 ÷ 0.6 = 20 ನ್ಯೂಟನ್, ಅಂದರೆ ಸುಮಾರು 2 ಕಿಲೋ ತೂಕದಷ್ಟು. ಐದು ನಿಮಿಷಕ್ಕೆ ಏನೂ ಅಲ್ಲ. ಎರಡು ಗಂಟೆ ಹಿಡಿದು ಕೂತ ಕಾಕನ ಭುಜವನ್ನು ಕೇಳಿ! ಕೈ ಜಾರಿದರಂತೂ ದೋಣಿ ಆ ಬದಿಗೆ ರಪ್ಪನೆ ತಿರುಗಿ ಕೂತವರನ್ನು ನೀರಿಗೆ ಎಸೆಯಬಹುದು. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ಇದಕ್ಕೇ.

ಸರಿಪಡಿಸುವಾಗ ಖರ್ಚಿಲ್ಲದ ಕೆಲಸ ಮೊದಲು. ಬಲೆ, ಇಂಧನದ ಕ್ಯಾನು, ಮಂಜುಗಡ್ಡೆ ಎಲ್ಲ ಒಂದೇ ಬದಿಗೆ ಬಿದ್ದಿವೆಯೇ? ಎಂಜಿನ್ ಹಿಂಬದಿ ಹಲಗೆಯ ನಟ್ಟನಡುವೆ ಇದೆಯೇ? ಪ್ರೊಪೆಲ್ಲರಿನ ಎಲೆ ಬಾಗಿದೆಯೇ? ಆಮೇಲೆ ಟಿಲ್ಟ್ ಪಿನ್ನನ್ನು ಒಂದು ತೂತು ಬದಲಿಸಿ ವಾಲು ಸರಿಮಾಡಿ. ಆಗಲೂ ಎಳೆತ ಉಳಿದರೆ ಟ್ರಿಮ್ ಟ್ಯಾಬ್. ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆಯ ಕೆಳಗೆ, ಮೀನಿನ ರೆಕ್ಕೆಯಂತೆ ಇರುವ ಸಣ್ಣ ತುಂಡು ಅದು. ಕೆಲವು ಸಣ್ಣ ಎಂಜಿನ್‌ಗಳಿಗೆ ಇರುವುದಿಲ್ಲ. ಕೀಲಿ ತೆಗೆದು ಅಥವಾ ಪ್ಲಗ್ ವಯರ್ ಕಳಚಿ, ಬೋಲ್ಟ್ ಸಡಿಲಿಸಿ. ದೋಣಿ ಬಲಕ್ಕೆ ಎಳೆದರೆ ಟ್ಯಾಬಿನ ಹಿಂದಿನ ತುದಿಯನ್ನು ಬಲಕ್ಕೆ, ಎಡಕ್ಕೆ ಎಳೆದರೆ ಎಡಕ್ಕೆ ಸರಿಸಬೇಕು. ವಿಚಿತ್ರವೆನಿಸಿದರೆ ನ್ಯೂಟನ್ನನ ಮೂರನೇ ನಿಯಮ ನೆನೆಯಿರಿ: ಟ್ಯಾಬ್ ನೀರನ್ನು ಬಲಕ್ಕೆ ತಳ್ಳುತ್ತದೆ, ನೀರು ಟ್ಯಾಬನ್ನು ಎಡಕ್ಕೆ. ಇಲ್ಲಿ ನೋಡಬೇಕಾದದ್ದು ದೋಣಿ ಹೋಗುವ ದಿಕ್ಕನ್ನು, ಹ್ಯಾಂಡಲ್ ಹೋಗುವ ದಿಕ್ಕನ್ನಲ್ಲ. ಹ್ಯಾಂಡಲ್ ಎಡಕ್ಕೆ ಹೋದಾಗ ದೋಣಿ ಬಲಕ್ಕೆ ತಿರುಗುತ್ತದೆ, ಅನೇಕರು ಗೊಂದಲಗೊಳ್ಳುವುದು ಇಲ್ಲೇ.

ಅನೇಕ ಎಂಜಿನ್‌ಗಳಲ್ಲಿ ಈ ಟ್ಯಾಬ್ ಸತುವಿನದು. ತಾನು ಸವೆದು ಅಲ್ಯೂಮಿನಿಯಮ್ಮನ್ನು ಉಳಿಸುವ ಬಲಿ ಆನೋಡ್ ಅದು, ಬಣ್ಣ ಬಳಿದರೆ ನಿರುಪಯೋಗಿ. ಪಠ್ಯದ ಪಟ್ಟಿ ನೋಡಿದವರು ತಕರಾರು ತೆಗೆಯಬಹುದು: ಸತುವಿನ ಪ್ರಮಾಣಿತ ವಿಭವ –0.76 ವೋಲ್ಟ್, ಅಲ್ಯೂಮಿನಿಯಮ್ಮಿನದು –1.66, ಮೊದಲು ಸವೆಯಬೇಕಾದದ್ದು ಅಲ್ಯೂಮಿನಿಯಮ್ ಅಲ್ಲವೇ? ಒಳ್ಳೆಯ ಪ್ರಶ್ನೆ. ಅಲ್ಯೂಮಿನಿಯಮ್ ಮೈಮೇಲಿನ ಆಕ್ಸೈಡ್ ಪದರ ಅದನ್ನು ಪಟ್ಟಿ ಹೇಳುವುದಕ್ಕಿಂತ ಬಹಳ ಮಂದವಾಗಿಸುತ್ತದೆ. ಆದ್ದರಿಂದ ಸಮುದ್ರದ ನೀರಿನಲ್ಲಿ ಸತುವೇ ಮುಂದೆ.

ಟ್ಯಾಬನ್ನು ಒಮ್ಮೆಗೆ ಒಂದಿಷ್ಟೇ ಸರಿಸಿ, ಬೋಲ್ಟ್ ಬಿಗಿದು, ಹೊಳೆಯ ಶಾಂತ ನೀರಿನಲ್ಲಿ ಓಡಿಸಿ ನೋಡಿ. ಅದು ಒಂದು ವೇಗಕ್ಕೆ, ಒಂದು ವಾಲಿಗೆ ಮಾತ್ರ ಸರಿಹೊಂದುತ್ತದೆ. ಹಾಗಾಗಿ ದಿನವೂ ಓಡಿಸುವ ವೇಗದಲ್ಲಿ, ದಿನವೂ ಹೊರುವಷ್ಟೇ ಭಾರ ಹಾಕಿಕೊಂಡು ಪರೀಕ್ಷಿಸಬೇಕು.