ಎಳೆಯರ ಅಕ್ಷಿಪಟಲದ ರಕ್ತನಾಳ ದೋಷಗಳು

ಕಣ್ಣಿನ ಹಿಂಬದಿಯಲ್ಲಿದ್ದು ಬೆಳಕನ್ನು ಗ್ರಹಿಸುವ ತೆಳುಪೊರೆಗೆ ಅಕ್ಷಿಪಟಲವೆಂದು ಹೆಸರು. ಗರ್ಭದ ಸುಮಾರು 16ನೆಯ ವಾರದಿಂದ ಅದರ ರಕ್ತನಾಳಗಳು ನಡುವಿನಿಂದ ಅಂಚಿನತ್ತ ಬೆಳೆಯುತ್ತ, ದಿನ ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಅಪರೂಪವಾಗಿ ಈ ಬೆಳವಣಿಗೆ ಹದ ತಪ್ಪುವುದುಂಟು.

1908ರಲ್ಲಿ ಲಂಡನ್ನಿನ ನೇತ್ರವೈದ್ಯ ಜಾರ್ಜ್ ಕೋಟ್ಸ್ ವರ್ಣಿಸಿದ ರೋಗದಲ್ಲಿ ನಾಳಗಳು ಉಬ್ಬಿ ಸೋರುತ್ತವೆ. ಹಳದಿ ಜಿಡ್ಡು ಶೇಖರವಾಗಿ ಕೊನೆಗೆ ಪಟಲವೇ ಕಳಚಬಹುದು. ಇದು ಬಹುಮಟ್ಟಿಗೆ ಗಂಡುಮಕ್ಕಳ ಒಂದೇ ಕಣ್ಣಿಗೆ ಬರುವಂಥದು. 1969ರಲ್ಲಿ ಕ್ರಿಸ್ವಿಕ್ ಮತ್ತು ಶೆಪೆನ್ಸ್ ಗುರುತಿಸಿದ ದೋಷದಲ್ಲಿ ನಾಳಗಳು ಅಂಚನ್ನು ತಲುಪದೆ ನಿಲ್ಲುತ್ತವೆ. ಇದು ವಂಶದಲ್ಲಿ ಹರಿದುಬರುವುದರಿಂದ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಅವಶ್ಯ.

ನೋವಿಲ್ಲದ, ಇನ್ನೊಂದು ಕಣ್ಣು ಸರಿಯಿರುವ ಮಗು ತನ್ನ ಕೊರತೆಯನ್ನು ಹೇಳಿಕೊಳ್ಳದು. ಶಿಕ್ಷಕರ ಹೊಣೆ ಇರುವುದು ಇಲ್ಲಿಯೇ. ಬಾದಾಮಿ, ಹುನಗುಂದ, ಇಳಕಲ್ಲಗಳ ಯಾವ ಶಾಲೆಯಲ್ಲಿಯೂ ಒಂದೊಂದೇ ಕಣ್ಣು ಮುಚ್ಚಿಸಿ ಕರಿಹಲಗೆಯ ಅಕ್ಷರ ಓದಿಸಲು ಖರ್ಚಿಲ್ಲ. ಅಡಗಿದ ಮಂದದೃಷ್ಟಿ ಅದರಿಂದ ಹೊರಬೀಳಬಹುದು. ಮೆಳ್ಳೆಗಣ್ಣು ಹಾಗೂ ಭಾವಚಿತ್ರದಲ್ಲಿ ಬೆಳ್ಳಗೆ ತೋರುವ ಪಾಪೆಯನ್ನು ಅಲಕ್ಷಿಸಲಾಗದು. ಬಿಳಿಯ ಪಾಪೆ ಪ್ರಾಣಕ್ಕೆರವಾಗುವ ಕಣ್ಣಿನ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ಅಂಥ ಮಗುವನ್ನು ತಡಮಾಡದೆ ಬಾಗಲಕೋಟೆಯ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಂಥ ಕಡೆ ನೇತ್ರತಜ್ಞರಿಗೆ ತೋರಿಸಬೇಕು.

ಆರಂಭದಲ್ಲಿ ಲೇಸರ್ ಅಥವಾ ಅತಿಶೀತ ಚಿಕಿತ್ಸೆಯಿಂದ ಸೋರಿಕೆಯನ್ನು ತಡೆಯಬಹುದು. ಕಳೆದುಹೋದ ದೃಷ್ಟಿ ಮರಳುವುದು ಮಾತ್ರ ವಿರಳ.